ಕೈ ಬಿಟ್ಟರೆ ಆರುವ ಟಾರ್ಚು

ನಮ್ಮ ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ ಎನ್ನುವವರು ಅವರ ಮೂಗನ್ನು ಮಾತ್ರ ನೋಡಿದ್ದಾರೆ. ಅವರ ಕೋಪ ಇರುವುದು ಬೆರಳುಗಳಲ್ಲಿ. ಸಿಟ್ಟು ಬಂದರೆ ಪಾತ್ರೆ ಕುಕ್ಕುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಬೆಸುಗೆ ಹಾಕುವ ಕಡ್ಡಿಯನ್ನು ಕಾಯಲಿಟ್ಟು, ಕನ್ನಡಕ ಏರಿಸಿ, ಕೈಗೆ ಸಿಕ್ಕಿದ್ದನ್ನು ಬಿಚ್ಚಲು ಕೂರುತ್ತಾರೆ. ಮದುವೆಯಾದ ಹೊಸತರಲ್ಲಿ ನನ್ನ ಅಣ್ಣ ಹೇಳದೆ ಕೇಳದೆ ಎರಡು ದಿನ ಗೆಳೆಯರ ಜೊತೆ ತಿರುಗಾಡಿ ಬಂದ. ಬಂದು ನೋಡಿದರೆ ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಮೂರೂ ಊಟದ ಮೇಜಿನ ಮೇಲೆ ತಿರುಪು ತಿರುಪಾಗಿ ಹರಡಿಕೊಂಡಿದ್ದವು. ಮಾರನೆಯ ದಿನ ಮೂರೂ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿದವು. ಅಣ್ಣ ಮತ್ತೆಂದೂ ಹಾಗೆ ಹೋಗಲಿಲ್ಲ.

ಹದಿನೆಂಟು ವರ್ಷದಿಂದ ಅತ್ತಿಗೆ ಒಂದು ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಕೂರುವುದು ಒಳಗಿನ ಮೇಜಿನಲ್ಲಿ. ಗಿರಾಕಿಗಳ ಜೊತೆ ಮಾತಾಡಲು ಮಾಲೀಕ ಅವರನ್ನು ಬಿಡುವುದಿಲ್ಲ. ಒಮ್ಮೆ ಬಿಟ್ಟು ನೋಡಿ, ಒಂದೇ ಬೆಳಗ್ಗೆ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡಿದ್ದ. ಅದರಲ್ಲೊಬ್ಬನಿಗೆ ಅತ್ತಿಗೆ ಹೇಳಿದ್ದು ಇಷ್ಟೇ: "ರೇಡಿಯೋ ಚೆನ್ನಾಗಿದೆ, ನೀವೇ ಸರಿ ಇಲ್ಲ." ಅಂಗಡಿಯವರು ಬೆನ್ನ ಹಿಂದೆ ಅವರನ್ನು ಕಾದ ಕಡ್ಡಿ ಎಂದು ಕರೆಯುತ್ತಾರೆ. ಅದು ಅವರಿಗೂ ಗೊತ್ತು.

ಇನ್ನು ನಾನು, ಅಣ್ಣ. ಇಬ್ಬರೂ ಅಡುಗೆ ಎಣ್ಣೆ ಕಾರ್ಖಾನೆಯಲ್ಲಿ ಟ್ಯಾಂಕು ತೊಳೆಯುವವರು. ಎರಡು ಅಂತಸ್ತಿನಷ್ಟು ಆಳದ ಉಕ್ಕಿನ ಟ್ಯಾಂಕು. ಎಣ್ಣೆ ಖಾಲಿಯಾದ ಮೇಲೆ ತಳದಲ್ಲಿ ಗಸಿ ಉಳಿಯುತ್ತದೆ, ಅದನ್ನು ಹೆರೆದು ತೆಗೆಯಬೇಕು. ಅಣ್ಣ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಒಳಗಿಳಿಯುತ್ತಿದ್ದ, ನಾನು ಮೇಲಿನ ದುಂಡು ಬಾಯಿಯ ಹತ್ತಿರ ರಾಟೆಯ ಹಗ್ಗ ಹಿಡಿದು ನಿಲ್ಲುತ್ತಿದ್ದೆ. ಒಳಗೆ ಗಾಳಿ ತಳ್ಳುವ ಬ್ಲೋಯರಿನ ಸದ್ದಿಗೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳಿಸದು. ಆದ್ದರಿಂದ ನಮ್ಮ ಮಾತುಕತೆಯೆಲ್ಲ ಟಾರ್ಚಿನಲ್ಲಿ. ಬೆಳಕು ಸುಮ್ಮನೆ ಉರಿಯುತ್ತಿದ್ದರೆ ಎಲ್ಲ ಸರಿ ಇದೆ, ಕೆಲಸ ನಡೆದಿದೆ. ಬೆಳಕು ಪಟಪಟ ಮಿಣುಕಿದರೆ ಎಳೆ, ತಕ್ಷಣ ಎಳೆ, ಏನು ಎತ್ತ ಎಂದು ಕೇಳಬೇಡ. ಹನ್ನೆರಡು ವರ್ಷ ಇದೇ ನಿಯಮದಲ್ಲಿ ದುಡಿದೆವು, ಒಂದು ಗೀರು ಗಾಯ ಆಗಲಿಲ್ಲ.

ಆಮೇಲೆ ಹೊಸ ಟಾರ್ಚು ಬಂತು. ತರಿಸಿದವರು ಸುರಕ್ಷತಾ ಅಧಿಕಾರಿ. ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತಾಗಲೂ ತಲೆಯಿಂದ ಬಿಳಿ ಹೆಲ್ಮೆಟ್ ತೆಗೆಯದ ಕಾರಣ ನಾವು ಅವರನ್ನು ಹೆಲ್ಮೆಟ್ ಸಾಹೇಬರು ಎನ್ನುತ್ತಿದ್ದೆವು. ಹಳೆಯ ದಪ್ಪ ಟಾರ್ಚುಗಳನ್ನೆಲ್ಲ ಗುಜರಿಗೆ ಹಾಕಿಸಿ, ಎಲ್ಲಕ್ಕಿಂತ ಅಗ್ಗದ ಎಲ್‌ಇಡಿ ಟಾರ್ಚು ಮೂವತ್ತಾರು ತರಿಸಿದರು. ಅಂಗೈಯಷ್ಟು ಉದ್ದ, ಒಳಗೆ ಮೂರು ಸಣ್ಣ ಸೆಲ್ಲು, ಹಿಂಬದಿಯಲ್ಲಿ ಒಂದೇ ಒಂದು ಗುಂಡಿ. ಒಂದು ಸಲ ಒತ್ತಿದರೆ ಜೋರು ಬೆಳಕು, ಎರಡನೆಯದಕ್ಕೆ ಮಂದ, ಮೂರನೆಯದಕ್ಕೆ ಪಟಪಟ ಮಿಣುಕು. ಮಂದ ಬೆಳಕಿನಿಂದ ಜೋರಿಗೆ ಹೋಗಬೇಕೆಂದರೆ ಈ ಮಿಣುಕನ್ನು ದಾಟಿಯೇ ಹೋಗಬೇಕು. ಯಾವ ಪುಣ್ಯಾತ್ಮ ಇಂಥದ್ದನ್ನು ಮಾಡಿದನೋ, ಯಾವ ಪುಣ್ಯಾತ್ಮ ಅದನ್ನು ಟ್ಯಾಂಕಿನವರಿಗೆ ಕೊಂಡನೋ! ಉಕ್ಕಿನ ಗೋಡೆಯ ಹತ್ತಿರ ಜೋರು ಬೆಳಕು ಕಣ್ಣಿಗೆ ಹೊಡೆಯುತ್ತದೆ, ಮಂದ ಬೇಕು. ಮೂಲೆಗೆ ಹೋದರೆ ಜೋರು ಬೇಕು. ಗಂಟೆಗೆ ಇಪ್ಪತ್ತು ಸಲ ಬದಲಾಯಿಸಬೇಕು, ಪ್ರತಿ ಸಲವೂ ಅದು ಮಿಣುಕುತ್ತದೆ.

ಮೊದಲ ದಿನವೇ ನಾನು ಅಣ್ಣನನ್ನು ನಾಲ್ಕು ಸಲ ಸುಮ್ಮಸುಮ್ಮನೆ ಮೇಲೆಳೆದೆ. ನಾಲ್ಕನೆಯ ಸಲ ಅವನು ಟ್ಯಾಂಕಿನ ಬಾಯಿಯಿಂದ ತಲೆ ಹೊರಗೆ ಹಾಕಿ, "ಲೋ, ಸ್ವಲ್ಪ ನೋಡಿ ಎಳೆಯೋ, ಸೊಂಟ ಮುರೀತು" ಎಂದ. ನಾನೂ ರೇಗಿದೆ: "ಸುಮ್ನೆ ಯಾಕೆ ಮಿಣುಕಿಸ್ತೀಯ ಮತ್ತೆ?" ಹೆಲ್ಮೆಟ್ ಸಾಹೇಬರ ಹತ್ತಿರ ಹೋಗಿ ಹೇಳಿದೆವು. ಅವರು ಟಾರ್ಚನ್ನು ಹಾಕಿ ನೋಡಿ, "ಉರಿಯತ್ತಲ್ಲ? ಟಾರ್ಚು ಇನ್ನೇನು ಮಾಡಬೇಕು, ಹಾಡಬೇಕಾ?" ಎಂದು ಕೈ ತೊಳೆದುಕೊಂಡರು.

ಆವತ್ತಿನಿಂದ ನಾನೇ ನನ್ನಷ್ಟಕ್ಕೆ ಒಂದು ನಿಯಮ ಮಾಡಿಕೊಂಡೆ. ಮಿಣುಕಿದ ಕೂಡಲೇ ಎಳೆಯುವುದಿಲ್ಲ, ಹತ್ತು ಎಣಿಸುತ್ತೇನೆ. ಹತ್ತರೊಳಗೆ ಬೆಳಕು ಸುಮ್ಮನಾದರೆ ಸರಿ ಇದೆ ಎಂದು ಲೆಕ್ಕ. ಇದನ್ನು ಯಾರಿಗೂ ಹೇಳಲಿಲ್ಲ, ಅಣ್ಣನಿಗೂ ಹೇಳಲಿಲ್ಲ.

ಒಂದು ಮಂಗಳವಾರ ಬೆಳಗ್ಗೆ, ಬ್ಲೋಯರಿನ ಕೊಳವೆ ಒಳಗೆಲ್ಲೋ ಮಡಚಿಕೊಂಡು ಗಾಳಿ ತಳ ಮುಟ್ಟಲಿಲ್ಲ. ಬೆಳಕು ಮಿಣುಕಿತು. ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು. ಏಳಕ್ಕೆ ಮಿಣುಕು ನಿಂತು ಬೆಳಕು ಜೋರಾಗಿ, ಸುಮ್ಮನೆ ಉರಿಯಿತು. ನೋಡಿದೆಯಾ, ಮತ್ತೆ ಅದೇ ಎಂದುಕೊಂಡು ಬೇರೆ ಕಡೆ ತಿರುಗಿದೆ. ಎರಡು ನಿಮಿಷ ಕಳೆದಿರಬೇಕು. ಬೆಳಕು ಒಂದೇ ಕಡೆ ಬಿದ್ದಿದೆ, ಕದಲುತ್ತಲೇ ಇಲ್ಲ ಎನಿಸಿತು. ಎಳೆದೆ. ಹಗ್ಗದ ತುದಿಯಲ್ಲಿ ಅಣ್ಣ ಒದ್ದೆ ಗೋಣಿಚೀಲದ ಹಾಗೆ ಬಂದ.

ಬದುಕಿದ. ಆರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಎಡಗೈ ಸಣ್ಣಗೆ ನಡುಗುತ್ತಿತ್ತು, ಕೆಲವು ಪದಗಳು ನಾಲಿಗೆಗೆ ಬರುತ್ತಿರಲಿಲ್ಲ. ಪ್ರಜ್ಞೆ ಬಂದ ದಿನದಿಂದ ಅವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಾನು ಒತ್ತಿದ್ದೆ ಅನ್ಸತ್ತೆ ಕಣೋ. ಮಿಣುಕಲಿಲ್ವಾ?"

"ಇಲ್ಲ ಅಣ್ಣ" ಎಂದೆ.

ವಿಚಾರಣೆಯಲ್ಲಿ ಹೆಲ್ಮೆಟ್ ಸಾಹೇಬರು ಕೇಳಿದಾಗಲೂ ಅದನ್ನೇ ಹೇಳಿದೆ. "ಬೆಳಕು ಸುಮ್ಮನೆ ಉರೀತಿತ್ತು ಸಾರ್. ಮಿಣುಕಲಿಲ್ಲ." ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂದು ಹೆದರಿದೆ. ಹೆದರಿಕೆ ಎಂದು ಈಗ ಹೇಳುವುದು ಸುಲಭ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವ ಅಭ್ಯಾಸ ನನಗಿದೆ.

ಅವರಿಗೆ ಬೇಕಾಗಿದ್ದೂ ಅಷ್ಟೇ. ಮೂರು ವಾರದಲ್ಲಿ ವರದಿ ಸಿದ್ಧವಾಯಿತು. "ಕೆಲಸಗಾರನು ಅಪಾಯದ ಸಂಜ್ಞೆ ನೀಡಲು ತಪ್ಪಿದ್ದರಿಂದ" ಎಂದು ಶುರುವಾಗುವ ಒಂದು ಸಾಲು. ಕೆಳಗೆ ಅಣ್ಣ ಸೋಮವಾರದೊಳಗೆ ರುಜು ಹಾಕಬೇಕು. ಹಾಕಿದರೆ ತಪ್ಪು ಅವನದೇ ಎಂದು ಒಪ್ಪಿಕೊಂಡಂತೆ, ಕೆಲಸವೂ ಹೋದಂತೆ, ಆ ಮೂವತ್ತಾರು ಟಾರ್ಚು ಮುಂದಿನವರ ಕೈಗೆ ಹೋದಂತೆ. ಅಣ್ಣ ಪೆನ್ನು ತೆಗೆದುಕೊಂಡೇಬಿಟ್ಟಿದ್ದ.

"ನನ್ನ ತಲೇನೇ ಸರಿ ಇಲ್ಲ ಕಣೆ. ಒತ್ತಿದ ಹಾಗೆ ಕನಸು ಬಿದ್ದಿರಬೇಕು. ಇವನು ಮೇಲೇ ನಿಂತಿದ್ದ, ಇವನೇ ಇಲ್ಲ ಅಂತಾನಲ್ಲ" ಎಂದ.

ಅತ್ತಿಗೆ ಅವನ ಕೈಯಿಂದ ಪೆನ್ನು ಕಿತ್ತುಕೊಂಡರು. "ರೀ, ಪ್ರಜ್ಞೆ ತಪ್ಪಿದ್ದು ನಿಮಗೆ. ಟಾರ್ಚಿಗೆ ತಪ್ಪಿರಲಿಲ್ಲ. ಅದನ್ನೇ ಕೇಳ್ತೀನಿ." ನನ್ನ ಕಡೆ ತಿರುಗಿದರು. "ಅದೇ ಪೆಟ್ಟಿಗೆಯ ಟಾರ್ಚು ಎರಡು ತಗೊಂಡು ಬಾ. ಕೇಳಿ ತರ್ತೀಯೋ ಕದ್ದು ತರ್ತೀಯೋ ನಂಗೆ ಬೇಡ."

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಪರೀಕ್ಷೆ ನಡೆಯಿತು. ಅತ್ತಿಗೆ ಮೊದಲು ಟಾರ್ಚನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಸೆಲ್ಲಿನ ಗೂಡು ಗಡಗಡ ಎಂದಿತು. "ಇದು ಟಾರ್ಚಲ್ಲ, ಗಿಲಕಿ" ಎಂದರು. ಬಿಚ್ಚಿದರು. ಸ್ಪ್ರಿಂಗು ಕೂದಲಿನಷ್ಟು ತೆಳ್ಳಗೆ, ಬೆಸುಗೆ ಅರ್ಧ ಹಿಡಿದಿದೆ ಅರ್ಧ ಇಲ್ಲ. ಮತ್ತೆ ಜೋಡಿಸಿ, ಮಿಣುಕುವ ಹಾಗೆ ಇಟ್ಟು, ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಎದೆಯೆತ್ತರದಿಂದ ಕೈಬಿಟ್ಟರು. ಠಣ್ ಎಂದು ಬಿತ್ತು. ಮಿಣುಕು ಹೋಗಿ ಜೋರು ಬೆಳಕು ಸುಮ್ಮನೆ ಉರಿಯಿತು.

ಎತ್ತಿ ಮತ್ತೆ ಬಿಟ್ಟರು. ಒಟ್ಟು ನಲವತ್ತು ಸಲ ಬಿಟ್ಟರು, ಒಂದೊಂದನ್ನೂ ಹಳೆಯ ನೋಟ್ ಪುಸ್ತಕದಲ್ಲಿ ಗೀಟು ಹಾಕಿ ಗುರುತು ಮಾಡಿದರು. ಮೂವತ್ತೊಂದು ಸಲ ಅದೇ ಕಥೆ. ಬಿದ್ದ ಪೆಟ್ಟಿಗೆ ಸೆಲ್ಲು ಒಂದು ಕ್ಷಣ ಕದಲುತ್ತದೆ, ಟಾರ್ಚು ಆರಿ ಹತ್ತುತ್ತದೆ, ಆರಿ ಹತ್ತಿದ ಕೂಡಲೇ ಮೊದಲಿನ ಜೋರು ಬೆಳಕಿಗೆ ಮರಳುತ್ತದೆ.

"ಸಾಯ್ತಿರೋ ಮನುಷ್ಯ ಎಳೀರಿ ಅಂತಾನೆ" ಎಂದರು ಅತ್ತಿಗೆ. ದನಿ ಏರಿಸಲಿಲ್ಲ. "ಕೈಯಿಂದ ಬೀಳತ್ತೆ. ಬಿದ್ದ ಕೂಡಲೇ ಈ ದರಿದ್ರದ್ದು ಎಲ್ಲ ಸರಿ ಇದೆ ಅನ್ನತ್ತೆ. ಮನುಷ್ಯನ ಬದಲು ಇದು ಸುಳ್ಳು ಹೇಳತ್ತೆ!" ಆಮೇಲೆ ನನ್ನನ್ನು ನೇರವಾಗಿ ನೋಡಿದರು. "ನೀನು ನೋಡಿದ್ದು ಬಿದ್ದ ಮೇಲಿನ ಬೆಳಕು. ಬೀಳೋ ಮುಂಚೆ ಏನಿತ್ತು?"

"ಆಗ ನಾನು ಬ್ಲೋಯರ್ ಕಡೆ ನೋಡ್ತಿದ್ದೆ ಅತ್ತಿಗೆ" ಎಂದೆ. ಒಂದು ಸುಳ್ಳಿಗೆ ಇನ್ನೊಂದನ್ನು ಒತ್ತು ಕೊಟ್ಟು ನಿಲ್ಲಿಸಿದೆ. ಅವರು ಬೆಸುಗೆ ಕಡ್ಡಿಯನ್ನು ಕಾಯಲಿಟ್ಟರು.

ಎರಡನೆಯ ಟಾರ್ಚಿನ ಹೊಟ್ಟೆ ಬಗೆದರು. ಉಗುರಿನಷ್ಟು ಅಗಲದ ಬೋರ್ಡಿನಿಂದ, ಮಿಣುಕಿಸುವ ಆ ಎಳ್ಳಿನಷ್ಟು ಕಪ್ಪು ಚಿಪ್ಪನ್ನು ಚಿಮಟದಲ್ಲಿ ಎತ್ತಿ ಕಸಕ್ಕೆ ಎಸೆದರು. ಅದರ ಜಾಗದಲ್ಲಿ ಒಂದು ತಂತಿ, ಒಂದು ರೆಸಿಸ್ಟರ್. ಸ್ಪ್ರಿಂಗಿನ ಬೆನ್ನಿಗೆ ತಾಮ್ರದ ಹೆಣಿಗೆ ತಂತಿ ಬೆಸೆದರು. ಸೆಲ್ಲಿನ ಗೂಡಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಗಡಗಡ ನಿಂತಿತು. ಹಿಂಬದಿಯ ಗುಂಡಿಯನ್ನು ಕಿತ್ತುಹಾಕಿ, ಪಕ್ಕಕ್ಕೆ ಹಿಡಿಕೆಯಂಥದ್ದೊಂದು ಸ್ವಿಚ್ಚು ಕೂರಿಸಿದರು. ಹಿಡಿದು ಅಮುಕಿಕೊಂಡಿದ್ದಷ್ಟು ಹೊತ್ತು ಬೆಳಕು, ಕೈ ಬಿಟ್ಟರೆ ಕತ್ತಲೆ.

"ಬೆಳಕಿದ್ರೆ ಮನುಷ್ಯ ಇದಾನೆ. ಕತ್ತಲಾದ್ರೆ ಎಳೀಬೇಕು" ಎಂದರು.

"ಕೈ ಬದಲಾಯಿಸೋವಾಗ ಒಂದು ಕ್ಷಣ ಆರತ್ತಲ್ಲ ಅತ್ತಿಗೆ? ಆಗ ಮೇಲಿರೋನಿಗೆ ಹೇಗೆ ಗೊತ್ತಾಗತ್ತೆ?"

ಅವರು ಅಂಗಡಿಯಿಂದ ತಂದ ಡಬ್ಬಿಯಲ್ಲಿ ತಡಕಾಡಿ ವಿದ್ಯುತ್ತನ್ನು ಕೊಂಚ ಹೊತ್ತು ಹಿಡಿದಿಡುವ ದಪ್ಪನೆಯ ಎರಡು ಕೆಪಾಸಿಟರ್ ತೆಗೆದು ಟಾರ್ಚಿನ ಬದಿಗೆ ಟೇಪಿನಿಂದ ಕಟ್ಟಿ ಬೆಸೆದರು. ಈಗ ಕೈ ಬಿಟ್ಟರೆ ಬೆಳಕು ತಟ್ಟನೆ ಆರಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕುಗ್ಗುತ್ತಾ ಹೋಗಿ ಆರಿತು.

"ಎಣಿಸೋ ಕೆಲಸಾನ ಟಾರ್ಚೇ ಮಾಡ್ಲಿ" ಎಂದರು, ತಲೆ ಎತ್ತದೆ. "ಮೇಲೆ ನಿಂತೋನು ಎಣಿಸ್ತಾ ಕೂರಬಾರದು."

ಎಣಿಸಿದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಸೋಮವಾರ ಬೆಳಗ್ಗೆ ಮೂವರೂ ಹೆಲ್ಮೆಟ್ ಸಾಹೇಬರ ಕೋಣೆಗೆ ಹೋದೆವು. ಅವರು ಅತ್ತಿಗೆ ಮುಂದಿಟ್ಟ ಎರಡು ಟಾರ್ಚು, ನೋಟ್ ಪುಸ್ತಕ ನೋಡಿ ಕೆಂಡಾಮಂಡಲವಾದರು. "ಕಂಪನಿ ಸಾಮಾನು ಬಿಚ್ಚೋ ಅಧಿಕಾರ ಯಾರು ಕೊಟ್ರಮ್ಮ ನಿಮಗೆ?"

"ನನ್ನ ಗಂಡನ ತಲೆ ಮೇಲೆ ಗೂಬೆ ಕೂರಿಸೋ ಅಧಿಕಾರ ನಿಮಗೆ ಯಾರು ಕೊಟ್ರೋ ಅವರೇ" ಎಂದರು ಅತ್ತಿಗೆ.

ಬಾಗಿಲಲ್ಲಿ ಏಳೆಂಟು ಕೆಲಸಗಾರರು ಸೇರಿದ್ದರು. ಯಾರೋ ಕಿಸಕ್ಕೆಂದರು. ಸಾಹೇಬರ ಮುಖ ಕೆಂಪೇರಿತು. "ನೋಡಮ್ಮ, ಟಾರ್ಚು ಹೇಗಾದ್ರೂ ಇರಲಿ. ಮಿಣುಕಿದ್ರೆ ಕಣ್ಣಿರೋ ಯಾರಿಗಾದ್ರೂ ಕಾಣತ್ತೆ. ಮೇಲೆ ನಿಂತಿದ್ದ ಇವರ ತಮ್ಮನೇ ಮಿಣುಕಲಿಲ್ಲ ಅಂತ ಹೇಳಿದಾರೆ."

"ನಿಮಗೆ ಕಣ್ಣಿದೆಯಲ್ಲ ಸಾರ್? ಬನ್ನಿ, ಕಾಲು ಗಂಟೆ ಹಗ್ಗ ಹಿಡೀರಿ. ಸರಿಯಾಗಿ ಎಳೆದ್ರೆ ಇವರು ಇಲ್ಲೇ ರುಜು ಹಾಕ್ತಾರೆ, ನಾನು ಬಾಯಿಗೆ ಬೀಗ ಹಾಕ್ಕೊಂಡು ಮನೆಗೆ ಹೋಗ್ತೀನಿ."

ಅಷ್ಟು ಜನರ ಮುಂದೆ ಒಲ್ಲೆ ಎನ್ನಲು ಸಾಹೇಬರಿಗೆ ಬಾಯಿ ಬರಲಿಲ್ಲ. ಹಿಂದಿನ ವಾರ ತೊಳೆದು ಒಣಗಿಸಿದ ಟ್ಯಾಂಕೊಂದಿತ್ತು. ಮೇಲೆ ಕೆಳಗೆ ಎರಡೂ ಬಾಯಿ ತೆರೆಸಿ, ಗಾಳಿಯನ್ನು ಯಂತ್ರದಲ್ಲಿ ಅಳೆಸಿ, ಆಮೇಲೆ ಬ್ಲೋಯರ್ ಹಾಕಿಸಿದರು. ಇಳಿಯುವವರು ಯಾರು ಎಂಬ ಮಾತು ಬಂದಾಗ ಅತ್ತಿಗೆ ನನ್ನತ್ತ ಬೆರಳು ತೋರಿಸಿದರು. ಬದಲಾಯಿಸದ ಟಾರ್ಚನ್ನು ನನ್ನ ಕೈಗೆ ಕೊಟ್ಟು, ಕಿವಿಯ ಹತ್ತಿರ ಬಾಯಿ ತಂದು ಹೇಳಿದರು: "ಮಾಮೂಲಿ ಕೆಲಸ ಮಾಡು, ಬೇಕಾದಾಗ ಬೆಳಕು ಬದಲಾಯಿಸು. ಹತ್ತು ನಿಮಿಷ ಆದ್ಮೇಲೆ ಮಿಣುಕಿಸಿ, ಟಾರ್ಚು ಕೈಬಿಟ್ಟು ಮಲಗಿಬಿಡು. ಆಮೇಲೆ ಏನಾದ್ರೂ ಆಗಲಿ, ಅಲ್ಲಾಡಬೇಡ."

ಹನ್ನೆರಡು ವರ್ಷದಲ್ಲಿ ನಾನು ಟ್ಯಾಂಕಿಗೆ ಇಳಿದದ್ದು ಅದೇ ಮೊದಲು. ತೊಳೆದ ಗೋಡೆಯನ್ನೇ ಮತ್ತೆ ಹೆರೆಯತೊಡಗಿದೆ. ಮಂದದಿಂದ ಜೋರಿಗೆ ಬದಲಾಯಿಸಿದೆ. ಹಗ್ಗ ಬಿಗಿಯಿತು, ಮೇಲೆ ಹೋದೆ. ಏನಿಲ್ಲ ಸಾರ್, ಬೆಳಕು ಬದಲಾಯಿಸಿದ್ದು ಎಂದೆ. ಮತ್ತೆ ಇಳಿದೆ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಎಳೆದಾಗ ಸಾಹೇಬರ ಅಂಗಿ ಬೆನ್ನಿಗೆ ಅಂಟಿತ್ತು, ಹೆಲ್ಮೆಟ್ ಹಿಂದಕ್ಕೆ ಜಾರಿತ್ತು. "ಸುಮ್ನೆ ಯಾಕ್ರೀ ಮಿಣುಕಿಸ್ತೀರ?" ಎಂದು ಕಿರುಚಿದರು. ನಾನು ಅಣ್ಣನಿಗೆ ಹೇಳಿದ ಮಾತು ಬಹುವಚನದಲ್ಲಿ ಕೇಳಿಸಿತು.

ನಾಲ್ಕನೆಯ ಸಲ ಬೆಳಕು ಬದಲಾಯಿಸಿದೆ. ಹಗ್ಗ ಬಿಗಿಯಲಿಲ್ಲ.

ಆಗ ಗೋಡೆಗೆ ಬೆನ್ನು ಕೊಟ್ಟು ಕುಸಿದು, ಟಾರ್ಚನ್ನು ಮಿಣುಕಿಸಿ ಮೇಲಕ್ಕೆ ನೋಡಿದೆ. ಟ್ಯಾಂಕಿನ ಬಾಯಿ ಊಟದ ತಟ್ಟೆಯಷ್ಟು ಕಾಣುತ್ತಿತ್ತು, ಅದರಲ್ಲಿ ಒಂದು ಬಿಳಿ ಹೆಲ್ಮೆಟ್. ಅದು ನನ್ನನ್ನೇ ನೋಡುತ್ತಿತ್ತು. ನನ್ನ ಬೆಳಕು ಅದರ ಮೇಲೆ ಪಟಪಟ ಬೀಳುತ್ತಿತ್ತು, ಅದು ಹಾಗೇ ನೋಡುತ್ತಿತ್ತು. ನಾನು ಎಣಿಸಿದೆ. ಮೇಲೆ ನಿಂತು ಏಳು ಎಣಿಸಿದಾಗ ಅದು ಸೀನುವಷ್ಟು ಹೊತ್ತು. ಕೆಳಗೆ ಬಿದ್ದು ಎಣಿಸಿದರೆ ಒಂದಕ್ಕೂ ಎರಡಕ್ಕೂ ನಡುವೆ ಇಡೀ ಮನೆಯವರ ಮುಖ ನೆನಪಿಗೆ ಬರುತ್ತದೆ. ಒಳ್ಳೆಯ ಗಾಳಿ ಇತ್ತು, ನನಗೇನೂ ಆಗುತ್ತಿರಲಿಲ್ಲ. ಆದರೂ ಎಳಿಯಪ್ಪಾ ಎಂದು ಬಾಯಿಬಿಟ್ಟೇ ಕೂಗಿದೆ. ಅಣ್ಣ ಹೀಗೆಯೇ ಮೇಲೆ ನೋಡಿದ್ದಾನೆ. ನೋಡಿದ್ದು ನನ್ನ ಮುಖವನ್ನು. ಏಳಕ್ಕೆ ಕೈಬಿಟ್ಟೆ. ಟಾರ್ಚು ಉಕ್ಕಿನ ಮೇಲೆ ಬಿದ್ದು ಜೋರಾಗಿ, ಸುಮ್ಮನೆ ಉರಿಯಿತು. ಹೆಲ್ಮೆಟ್ ಒಮ್ಮೆ ತಲೆಯಾಡಿಸಿ ಬಾಯಿಂದ ಸರಿದುಹೋಯಿತು.

ಐದು ನಿಮಿಷ ಬಿದ್ದಿದ್ದೆ. ಬ್ಲೋಯರಿನ ಸದ್ದು ನಿಂತು, ಹಗ್ಗ ಎಳೆಯಿತು. ಎಳೆದವರು ಕೆಲಸಗಾರರು. ಬ್ಲೋಯರ್ ನಿಲ್ಲಿಸಿದ್ದು ಅತ್ತಿಗೆ. ಸಾಹೇಬರ ಕೈಯಲ್ಲಿ ನೀರಿನ ಲೋಟವಿತ್ತು.

"ಅವನು ಸತ್ತು ಐದು ನಿಮಿಷ ಆಯ್ತು ಸಾರ್" ಎಂದರು ಅತ್ತಿಗೆ, ಕೈಗಡಿಯಾರ ತೋರಿಸಿ. "ನೀವು ನೀರು ಕುಡೀತಿದ್ರಿ."

"ಬೆಳಕು ಸರಿಯಾಗೇ ಉರೀತಿತ್ತಲ್ಲಮ್ಮ..."

"ಅದಕ್ಕೆ ಮುಂಚೆ?"

"ಮುಂಚೆ ಮಿಣುಕ್ತು, ಇಲ್ಲ ಅನ್ನಲ್ಲ. ಆದ್ರೆ ಸುಮ್ಸುಮ್ನೆ ಮಿಣುಕ್ತಾನೇ ಇತ್ತಲ್ಲ. ಸ್ವಲ್ಪ ಎಣಿಸಿ ನೋಡಿ ಎಳೆಯೋಣ ಅಂತ..." ಸಾಹೇಬರು ಅಲ್ಲಿಗೆ ನಿಲ್ಲಿಸಿದರು. ಮುಖ ಹುಳ್ಳಗಾಯಿತು. ಅತ್ತಿಗೆ ತಾವು ಬದಲಾಯಿಸಿದ ಟಾರ್ಚನ್ನು ಅವರ ಕೈಗೆ ತುರುಕಿ, ಅಮುಕಿಸಿ, ಬಿಡಿ ಎಂದರು. ಬಿಟ್ಟರು. ಬೆಳಕು ಕುಗ್ಗಿ ಆರಿತು. "ಎಲ್ಲ ಟಾರ್ಚೂ ನಿಮಗೇ ಕಳಿಸ್ತೀನಮ್ಮ" ಎಂದು ಸಾಹೇಬರು ಸಣ್ಣ ದನಿಯಲ್ಲಿ ಹೇಳಿದರು. ಅತ್ತಿಗೆ ಅವರ ಕಡೆ ನೋಡಲೇ ಇಲ್ಲ. ಅವರು ನೋಡುತ್ತಿದ್ದದ್ದು ನನ್ನನ್ನು.

"ಅವತ್ತೂ ಮಿಣುಕ್ತು" ಎಂದೆ. "ನಾನೂ ಎಣಿಸಿದೆ. ಏಳರವರೆಗೆ ಮಿಣುಕ್ತು, ಎಳೀಲಿಲ್ಲ. ಇಲ್ಲ ಅಂತ ಸುಳ್ಳು ಹೇಳಿದೆ."

ಅಣ್ಣ ಕಂಬಿ ಹಿಡಿದು ನಿಂತಿದ್ದ. ಹತ್ತಿರ ಬಂದ. ಹೊಡೆಯಲಿ ಎಂದು ಕಾದೆ. "ಹಾಗಾದ್ರೆ ನಾನು ಒತ್ತಿದ್ದೆ" ಎಂದ.

"ಒತ್ತಿದ್ದೆ ಅಣ್ಣ."

"ಇವರು ತಮ್ಮ ತಲೆ ಕೆಟ್ಟಿದೆ ಅಂತ ನಂಬಿಕೊಂಡಿದ್ರು" ಎಂದರು ಅತ್ತಿಗೆ. ಈ ಸಲ ದನಿ ಏರಿತು, ಇಡೀ ಟ್ಯಾಂಕಿನ ಬಾಯಿ ಮೊಳಗಿತು. "ರಾತ್ರಿಯೆಲ್ಲ ಎದ್ದು ಕೂತು ಬೆರಳು ಮಡಚಿ ಬಿಚ್ಚಿ ನೋಡ್ಕೊಳ್ತಿದ್ರು, ಒತ್ತೋಕೆ ಬರತ್ತಾ ಇಲ್ವಾ ಅಂತ. ನೀನು ಪಕ್ಕದಲ್ಲಿ ಕೂತು ಹಣ್ಣು ಸುಲಿದು ಕೊಡ್ತಿದ್ದೆ! ಯಂತ್ರಕ್ಕೆ ಬುದ್ಧಿ ಇಲ್ಲ, ಸುಳ್ಳು ಹೇಳ್ತು. ನಿನಗೇನಾಗಿತ್ತು?"

ಅವರು ವರದಿಯ ಹಾಳೆಯನ್ನು ಮಗುಚಿ ನನ್ನ ಎದೆಗೆ ಒತ್ತಿದರು. "ಬರಿ. ನಿಮ್ಮಣ್ಣನ ಕಣ್ಣೆದುರಿಗೇ ಬರಿ."

ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಅಣ್ಣ ನನ್ನ ಭುಜ ಹಿಡಿದು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. "ಕೆಳಗಿನಿಂದ ಬೆಳಕು ಮಿಣುಕಿತು" ಎಂಬ ಸಾಲು ಮುಗಿದಾಗ ಅವನ ಕೈ ನನ್ನ ಭುಜವನ್ನು ಬಿಗಿಯಾಗಿ ಅಮುಕಿತು.

"ಅದನ್ನ ಇನ್ನೊಂದು ಸಲ ಬರಿಯೋ" ಎಂದ.